ಹೂಜಿ ಅಲ್ಲೇ ಇದೆ

ಲಕೋಟೆ ಅಡುಗೆಮನೆಯ ಕಟ್ಟೆಯ ಮೇಲೆ ಉಪ್ಪಿನ ಜಾಡಿಗೆ ಒರಗಿಕೊಂಡು ಕೂತಿತ್ತು. ನಾಗಲಕ್ಷ್ಮಮ್ಮ ಅದಕ್ಕೆ ಬೆನ್ನು ಮಾಡಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಹೆದರಿಕೆಯೇನೂ ಇರಲಿಲ್ಲ. ಒಳಗೆ ಏನಿದೆಯೆಂದು ಗೊತ್ತೇ ಇತ್ತಲ್ಲ. ವಾರಪತ್ರಿಕೆಯೊಂದರಲ್ಲಿ ಹಿಂದೆ ಬಂದಿದ್ದ ಹೇಮಾವತಿಯ ಧಾರಾವಾಹಿಯ ಕೊನೆಯ ಕಂತು. ಕುಮಾರಸ್ವಾಮಿ ಲೇಔಟಿನ ಭೀಮೇಶ ಯಾವುದೋ ಹಳೇ ಪೇಪರ್ ಅಂಗಡಿಯಲ್ಲಿ ಕೆದಕಿ ತೆಗೆದು ಅಂಚೆಗೆ ಹಾಕಿದ್ದು. ಕಂಪ್ಯೂಟರಿನಲ್ಲಿ ಅವನು ಮೊದಲೇ ತಿಳಿಸಿದ್ದ, 'ಸಿಕ್ಕಿದೆ ಅಮ್ಮ, ನಾನೇನೂ ಹೇಳೋದಿಲ್ಲ, ನೀವೇ ಓದಿ ಎಲ್ಲರಿಗೂ ಹೇಳಿ' ಎಂದು. ಪಾಪ, ಸೋತವನು ಮರ್ಯಾದೆಯಾಗಿ ಹಿಂದೆ ಸರಿಯುತ್ತಿದ್ದಾನೆ ಅಂದುಕೊಂಡಿದ್ದಳು ಆಗ. ಈಗ ಕಾಯಿಯ ತುದಿ ಮುರಿದು ನಾರು ಎಳೆಯುವಾಗ ಆ ಮಾತಿನ ದನಿ ಬೇರೆ ಥರ ಕೇಳತೊಡಗಿತ್ತು. ಬರೆದ ಮಾತಿಗೆ ದನಿ ಎಲ್ಲಿಂದ ಬಂತು? ಆದರೂ ಇವಳಿಗೆ ಕೇಳುತ್ತಿತ್ತು. ಅವನ ಮುಖವನ್ನು ಕಂಡವಳಲ್ಲ. ಅವನ ಹೆಸರಿನ ಪಕ್ಕದಲ್ಲಿ ಒಂದು ಬೆಕ್ಕಿನ ಚಿತ್ರವಿದ್ದುದರಿಂದ ಆ ಬೆಕ್ಕಿನ ಮುಖವನ್ನೇ ಅವನಿಗೆ ಅಂಟಿಸಿಕೊಂಡಿದ್ದಳು. ಬೆಕ್ಕು ಕಣ್ಣು ಕಿರಿದು ಮಾಡಿಕೊಂಡು 'ನೀವೇ ಓದಿ' ಎನ್ನುತ್ತಿತ್ತು.

ಅವಳು ಓದಿದ್ದು ನಾಲ್ಕನೇ ಕ್ಲಾಸು. ಓದು ಸ್ವಲ್ಪವೇ ಆದದ್ದರಿಂದ ತಲೆಯಲ್ಲಿ ಜಾಗ ಖಾಲಿ ಉಳಿದಿದೆ, ಅದಕ್ಕೇ ಎಲ್ಲ ನೆನಪಿರುತ್ತದೆ ಎಂದು ಗಂಡ ಪಿಳ್ಳಪ್ಪ ತಮಾಷೆ ಮಾಡುತ್ತಿದ್ದ. ಮಿಲ್ಲಿನಿಂದ ಬಂದವನು ಒಳಗಿನ ಮಂಚದ ಮೇಲೆ ಕೂತು, 'ನಾಗೂ, ನೀರು' ಎಂದು ಒಂದು ಕೂಗು ಹಾಕಿ, ನೀರು ಬಂದ ಮೇಲೆ ಇಂಥದ್ದೊಂದು ಮಾತು ಹೇಳಿ ನಗುತ್ತಿದ್ದ. ಕೆಟ್ಟವನಲ್ಲ. ಕೈಯೆತ್ತಿದವನಲ್ಲ, ಕುಡಿದವನಲ್ಲ. ಈಗ ಹಜಾರದ ಗೋಡೆಯ ಮೇಲೆ, ಪ್ಲಾಸ್ಟಿಕ್ ಗುಲಾಬಿಯ ಹಾರದ ಹಿಂದೆ ಅದೇ ನಗು. ನೆನಪಿನ ಮಾತಿನಲ್ಲಂತೂ ಅವನು ಹೇಳಿದ್ದು ನಿಜವೇ. ಮೊದಲು ತಾವಿದ್ದ ವಿಲ್ಸನ್ ಗಾರ್ಡನ್ನಿನ ವಠಾರದಲ್ಲಿ ಯಾರ ಮನೆಯ ಮಗುವಿಗೆ ಯಾವ ಬೇಸಿಗೆಯಲ್ಲಿ ಅಮ್ಮ ಎದ್ದಿತ್ತು, ಮುನಿವೆಂಕಟಮ್ಮ ಮಗನ ನಾಮಕರಣಕ್ಕೆ ಉಟ್ಟ ಸೀರೆಯ ಅಂಚು ಯಾವ ಬಣ್ಣ, ಯಾವ ಧಾರಾವಾಹಿಯ ಯಾವ ಕಂತಿನಲ್ಲಿ ಯಾರು ಯಾರಿಗೆ ಬಾಗಿಲು ತೆಗೆದರು, ಕೇಳಿದರೆ ಸಾಕು, ಬಾವಿಯಿಂದ ಕೊಡ ಮೇಲೆ ಬಂದ ಹಾಗೆ ಬರುತ್ತಿತ್ತು. ಆ ಕೊಡ ತುಂಬಿಕೊಂಡು ಬರುವುದನ್ನು ನೋಡುವುದೇ ಅವಳಿಗೆ ಈ ವಯಸ್ಸಿನ ಒಂದು ಸುಖವಾಗಿತ್ತು. ಮೊಣಕಾಲು ಕೈಕೊಟ್ಟಿದೆ, ಕಣ್ಣಿಗೆ ಪೊರೆ ತೆಗೆಸಿದ್ದಾಗಿದೆ, ಇದೊಂದು ನೆಟ್ಟಗಿದೆ.

ವಠಾರಕ್ಕೆಲ್ಲ ಸೇರಿ ಒಂದೇ ವಾರಪತ್ರಿಕೆ. ಗೇಟಿನ ಪಕ್ಕದ ಮನೆ ಬೈರಮ್ಮನದು. ಪೇಪರಿನವನು ಅವಳ ಹೊಸ್ತಿಲಿಗೆ ಎಸೆದು ಹೋಗುತ್ತಿದ್ದ. ಪಾತ್ರೆ ತೊಳೆದು, ಗಂಡಸರ ಊಟದ ಡಬ್ಬಿ ಕಳಿಸಿ, ಮಧ್ಯಾಹ್ನದ ಬಿಸಿಲು ನಲ್ಲಿಯ ಕಲ್ಲನ್ನು ಬಿಟ್ಟು ಗೋಡೆ ಹತ್ತಿದ ಮೇಲೆ ಹೆಂಗಸರು ಬಂದು ಕೂರುತ್ತಿದ್ದರು. ಓದಲು ಬರುತ್ತಿದ್ದುದು ಇವಳೊಬ್ಬಳಿಗೆ. ಗಟ್ಟಿಯಾಗಿ ಓದಬೇಕು, ಅಳುವ ಕಡೆ ನಿಲ್ಲಿಸಬೇಕು, ಮತ್ತೊಮ್ಮೆ ಓದು ಅಂದರೆ ಓದಬೇಕು. ಎಲ್ಲರೂ ಕೇಳಿ ಮುಗಿದ ಮೇಲೆ ಧಾರಾವಾಹಿಯ ಹಾಳೆಗಳು ಓದಿದವಳಿಗೆ ಸೇರಿದ್ದು, ಇದು ವಠಾರದ ಒಪ್ಪಂದ. ಅದನ್ನು ಜೋಡಿಸಿ, ದಬ್ಬಣದಲ್ಲಿ ತೂತು ಮಾಡಿ, ಗೋಣಿ ದಾರದಲ್ಲಿ ಹೊಲಿದು, ಮೈದಾ ಅಂಟು ಬಳಿದು, ಹಳೇ ಕ್ಯಾಲೆಂಡರಿನ ದೇವರನ್ನು ಒಳಮುಖ ಮಾಡಿ ರಟ್ಟು ಹಾಕಿದರೆ ಪುಸ್ತಕ. ಅಂಥವು ಒಂದು ಟ್ರಂಕಿನ ತುಂಬ ಇದ್ದವು. ಕತ್ರಿಗುಪ್ಪೆಗೆ ಬಂದ ಮೇಲೆ ಅಟ್ಟದಲ್ಲಿಟ್ಟಿದ್ದಳು. ಮೇಲಿನ ನೀರಿನ ಟ್ಯಾಂಕು ಯಾವಾಗಲೋ ಬಿರುಕು ಬಿಟ್ಟಿತ್ತು; ಟ್ರಂಕು ತೆಗೆದು ನೋಡಿದರೆ ಕಥೆಗಳೆಲ್ಲ ಒಂದಕ್ಕೊಂದು ಅಂಟಿ, ಹುಳಿ ವಾಸನೆ ಬರುವ ಒಂದೇ ಮುದ್ದೆ. ಅದನ್ನು ತಾನೇ ಹೊತ್ತು ಕಸದ ತೊಟ್ಟಿಗೆ ಹಾಕಿ ಬಂದು ಕೈ ತೊಳೆದುಕೊಂಡು ಅನ್ನಕ್ಕಿಟ್ಟಿದ್ದಳು. ಅತ್ತಿರಲಿಲ್ಲ. ಕಸದ ತೊಟ್ಟಿಯ ಮುಂದೆ ನಿಂತಾಗ ಯಾರಾದರೂ ನೋಡಿಬಿಟ್ಟಾರೆಂದು ನಾಚಿಕೆಯಾಗಿತ್ತು ಅಷ್ಟೇ.

ಮತ್ತೆ ಶುರುವಾದದ್ದು ಪ್ರಿಯಾಂಕಾಳಿಂದ. ಮಹಡಿಯ ಮನೆಗೆ ಬಾಡಿಗೆಗೆ ಬಂದ ವಿಜಾಪುರದ ಕಡೆಯ ಹುಡುಗಿ. ಬಿಟಿಎಮ್ಮಿನಲ್ಲಿದ್ದ ಆಫೀಸು ಬನಶಂಕರಿಗೆ ಬಂತೆಂದು ಇಲ್ಲಿ ಮನೆ ಹಿಡಿದವಳು. ಒಂದು ಭಾನುವಾರ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಈ ಮುದ್ದೆಯ ಕಥೆ ಕೇಳಿ, 'ಆಂಟಿ, ನಿಮ್ಮಂಗ ಹೊಲಿದಿಟ್ಟಾವ್ರು ಇನ್ನೂ ಮಂದಿ ಇರ್ತಾರ್ರಿ, ಹುಡುಕೋಣಂತ' ಎಂದಳು. ಆರ್ಕುಟ್ಟಿನಲ್ಲಿ ಅಂಥವರದೇ ಒಂದು ಗುಂಪಿತ್ತು. ಹೊಲಿದ ಪುಸ್ತಕದ ಗೆಳೆಯರು ಎಂದು ಹೆಸರು. ಅಮ್ಮಂದಿರು, ಅತ್ತೆಯರು, ಅಜ್ಜಿಯರು ಹೊಲಿದಿಟ್ಟಿದ್ದನ್ನು ಉಳಿಸಿಕೊಂಡವರು, ಕಳೆದುಕೊಂಡು ಹುಡುಕುವವರು. ನಾಗಲಕ್ಷ್ಮಮ್ಮ ಹೇಳುವುದು, ಪ್ರಿಯಾಂಕಾ ಕಂಪ್ಯೂಟರಿನಲ್ಲಿ ಒತ್ತುವುದು. 'ಅವಳು ಬಾಗಿಲು ಹಾಕಿದಳು' ಎಂದು ಇವಳು ಹೇಳಿದರೆ ಪರದೆಯ ಮೇಲೆ 'ಆಕಿ ಬಾಗಲಾ ಹಾಕಿದ್ಲು' ಎಂದು ಬರುತ್ತಿತ್ತು. ಜೆ.ಪಿ. ನಗರದ ಲತಾಮಣಿ ಎಂಬಾಕೆ, 'ಅಮ್ಮ, ನಿಮ್ಮದು ವಿಜಾಪುರವೇ?' ಎಂದು ಕೇಳಿದ್ದಳು.

'ನೋಡೇ, ನನ್ನ ಬಾಯಿಗೆ ನಿನ್ನ ನಾಲಿಗೆ ಹಾಕಿದ್ದೀಯ.'

'ಹೋಗ್ಲಿ ಬಿಡ್ರಿ ಆಂಟಿ. ನಾ ಹಾಕಿದ್ ನಾಲಿಗಿ ಛಲೋನೇ ಐತಿ.'

ಲತಾಮಣಿ ತನ್ನ ಅತ್ತೆ ಹೊಲಿದದ್ದನ್ನು ಕಳಿಸಿದಳು. ಇನ್ಯಾರೋ ಸಾಗರದಿಂದ, ಇನ್ಯಾರೋ ಮುಂಬಯಿಯಿಂದ. ಪ್ರತಿಯೊಂದರ ಹೊಲಿಗೆ ಬೇರೆ. ಒಬ್ಬಳು ಸೀರೆಯ ಅಂಚಿನ ದಾರ ಬಳಸಿದ್ದಳು. ಒಬ್ಬಳು ಸ್ನಾನದ ಚಿತ್ರವಿದ್ದ ಕಡೆಯೆಲ್ಲ ಬಿಳಿ ಕಾಗದ ಅಂಟಿಸಿದ್ದಳು. ಒಬ್ಬಳು ಪ್ರತಿ ಅತ್ತೆಯ ಮಾತಿನ ಪಕ್ಕದಲ್ಲೂ ಸೀಸದಕಡ್ಡಿಯಲ್ಲಿ ಸಣ್ಣ ಗೀಟು ಎಳೆದಿದ್ದಳು, ಏನನ್ನೋ ಲೆಕ್ಕ ಇಟ್ಟವಳ ಹಾಗೆ. ಕಂಡಿಲ್ಲದ ಈ ಹೆಂಗಸರೆಲ್ಲ ನಲ್ಲಿಯ ಕಲ್ಲಿನ ಮೇಲೆ ಬಂದು ಕೂತರೆಂದು ನಾಗಲಕ್ಷ್ಮಮ್ಮನಿಗೆ ಅನ್ನಿಸುತ್ತಿತ್ತು. ಅವರಿಗೆಲ್ಲ ಇವಳು ಬೇಕಾಗಿದ್ದಳು. ಯಾರಾದರೂ 'ಕುದುರೆಗಾಡಿಯಿಂದ ಬಿದ್ದು ಕಾಲು ಮುರಿದುಕೊಳ್ಳುವ ವಕೀಲನ ಕಥೆ ಯಾವುದು?' ಎಂದು ಕೇಳುವುದು, ಇವಳು ಚಿತ್ರ ಸಮೇತ ಹೇಳುವುದು, ಎಲ್ಲರೂ ಬೆರಗಾಗುವುದು. ಗುಂಪಿನಲ್ಲಿ ಬರೆಯುವವರು ದೊಡ್ಡ ಓದು ಓದಿದವರು ಎಂಬುದು ಅವಳಿಗೆ ಗೊತ್ತಿತ್ತು. 'ನಾಗಲಕ್ಷ್ಮಮ್ಮನವರು ಹೇಳಿದ ಮೇಲೆ ಮುಗಿಯಿತು' ಎಂದು ಅವರು ಬರೆದದ್ದನ್ನು ಪ್ರಿಯಾಂಕಾ ಓದಿ ಹೇಳಿದ ದಿನ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳು.

ಹೇಮಾವತಿಯಲ್ಲಿ ಸಿಕ್ಕಿಕೊಂಡಿತು. ಕಂತುಗಳೆಲ್ಲ ಒಂದೊಂದಾಗಿ ಕೂಡಿ ಬಂದು, ಕೊನೆಯದೊಂದು ಮಾತ್ರ ಯಾರ ಬಳಿಯೂ ಇರಲಿಲ್ಲ. ಹೋಗಲಿ, ನಾನೇ ಹೇಳುತ್ತೇನೆ ಎಂದು ಇವಳು ಹೇಳಿದ್ದಳು. ಹೇಮಾವತಿ ತಗಡಿನ ಪೆಟ್ಟಿಗೆ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಾಳೆ. ಒಳಗಿನಿಂದ ಗಂಡ 'ನೀರು ಕೊಡು' ಅನ್ನುತ್ತಾನೆ. ಅವಳು ತಿರುಗದೆ, 'ಹೂಜಿ ಅಲ್ಲೇ ಇದೆ, ಬಗ್ಗಿಸ್ಕೊಂಡು ಕುಡೀರಿ' ಎಂದು ಹೇಳಿ, ಗೇಟು ಹಾಕಿಕೊಂಡು ಹೋಗುತ್ತಾಳೆ. ಅಷ್ಟೇ. ಭೀಮೇಶ ಒಪ್ಪಲಿಲ್ಲ. 'ನಮ್ಮಮ್ಮ ಈ ಕಥೆ ಹೇಳ್ತಿದ್ದರು ಅಮ್ಮ, ಹೇಮಾವತಿ ವಾಪಸ್ ಒಳಗೆ ಹೋಗ್ತಾಳೆ.' ನಿಮ್ಮಮ್ಮನಿಗೆ ಮರೆತಿರಬೇಕು ಎಂದು ಒತ್ತಿಸಿದ್ದಳು ಇವಳು. ಸ್ವಲ್ಪ ಗಡುಸಾಯಿತೇನೋ. ಅವನು, 'ಆ ಕಂತಿನ ಚಿತ್ರ ಹೇಗಿತ್ತು ಹೇಳ್ತೀರಾ?' ಎಂದು ಕೇಳಿದ. ಇವಳು ಬಾವಿಗೆ ಕೊಡ ಬಿಟ್ಟಳು. ಹಗ್ಗ ಇಳಿಯಿತು, ಇಳಿಯಿತು. ಕೊಡ ನೀರಿಗೆ ತಾಗಿದ ಸದ್ದು ಬರಲಿಲ್ಲ. 'ಕರೆಂಟ್ ಹೋಯ್ತು ಅಂತ ಒತ್ತು' ಎಂದಳು. ಪ್ರಿಯಾಂಕಾ ಉರಿಯುತ್ತಿದ್ದ ಟ್ಯೂಬ್‌ಲೈಟನ್ನು ಒಮ್ಮೆ ನೋಡಿ, ಹಾಗೇ ಒತ್ತಿದ್ದಳು.

ನಾರು ಮುಗಿಯಿತು. ಹುರುಳಿಕಾಯಿ ತೊಳೆದಿಟ್ಟು, ಚಾಕುವಿನಿಂದ ಲಕೋಟೆಯ ಬಾಯಿ ಬಿಡಿಸಿದಳು. ಹಾಳೆಗಳು ಪ್ಲಾಸ್ಟಿಕ್ ಕವರಿನಲ್ಲಿದ್ದವು, ಅಂಚು ಚೂರೂ ಹರಿಯದ ಹಾಗೆ ಬಿಡಿಸಿದ್ದ ಹುಡುಗ. ಮೊದಲು ಕಣ್ಣಿಗೆ ಬಿದ್ದದ್ದು ಚಿತ್ರ. ಹೆಂಗಸೊಬ್ಬಳು ಬಗ್ಗಿ ಲೋಟ ಮುಂದೆ ಮಾಡಿದ್ದಾಳೆ, ಮಂಚದಿಂದ ಒಂದು ಗಂಡು ಕೈ ಚಾಚಿದೆ. ಈ ಚಿತ್ರವನ್ನು ಹಿಂದೆ ಎಂದೂ ನೋಡಿಲ್ಲ ಎಂಬುದು ಒಂದಕ್ಷರ ಓದುವ ಮೊದಲೇ ಅವಳಿಗೆ ಗೊತ್ತಾಗಿಹೋಯಿತು. ಆಮೇಲೆ ಓದಿದಳು. ಬೆರಳಿಟ್ಟುಕೊಂಡು, ಗಟ್ಟಿಯಾಗಿ, ಯಾರೂ ಇಲ್ಲದ ಅಡುಗೆಮನೆಯಲ್ಲಿ. 'ಹೇಮಾವತಿಯ ಕೈಯಿಂದ ಪೆಟ್ಟಿಗೆ ತಾನಾಗಿ ಕೆಳಗಿಳಿಯಿತು. "ಬಂದೆ" ಎಂದಳು. ಆ ಒಂದು ಮಾತಿನೊಡನೆ ಅವಳ ಬಾಳು ಮರಳಿ ಮನೆಯೊಳಗೆ ಕಾಲಿಟ್ಟಿತು.' ಕೆಳಗೆ ಎರಡು ಹೂವಿನ ನಡುವೆ ಮುಗಿಯಿತು ಎಂದು ಅಚ್ಚಾಗಿತ್ತು. ಎಲ್ಲಿಯೂ ಹೂಜಿ ಇರಲಿಲ್ಲ. ಕಥೆಯ ಮನೆಯಲ್ಲಿ ಇದ್ದದ್ದು ತಾಮ್ರದ ಹಂಡೆ.

ಒಂದು ಹಲ್ಲು ಬಿದ್ದುಹೋದರೆ ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುವ ಹಾಗೆ ಅವಳ ಮನಸ್ಸು ಆ ಜಾಗಕ್ಕೆ ಹೋಯಿತು. ಇದು ಸುಳ್ಳಾದರೆ ಉಳಿದದ್ದು? ಮುನಿವೆಂಕಟಮ್ಮನ ಸೀರೆಯ ಅಂಚು ಹಸಿರೇ ಹೌದೇ? ಸಾಯುವ ಮುಂಚೆ ಅಮ್ಮ ತನ್ನ ಕೈ ಹಿಡಿದು 'ನೀನು ಬುದ್ಧಿವಂತೆ' ಅಂದದ್ದು, ಅದು ಅಮ್ಮನ ಮಾತೋ, ಅಥವಾ ಇಷ್ಟು ವರ್ಷ ಇವಳೇ ಅಮ್ಮನ ಬಾಯಿಗೆ ಹಾಕಿಕೊಂಡು ಬಂದದ್ದೋ? ಗೋಡೆಯ ಮೇಲಿನ ಪಿಳ್ಳಪ್ಪನನ್ನು ಕೇಳುವ ಹಾಗಿಲ್ಲ. ಮುನಿವೆಂಕಟಮ್ಮ ಹೋಗಿ ಎಷ್ಟೋ ಕಾಲವಾಯಿತು. ಸಂಜೆಗೆ ಗುಂಪಿನವರೆಲ್ಲ ಕಾದು ಕೂತಿರುತ್ತಾರೆ. 'ನಾಗಲಕ್ಷ್ಮಮ್ಮನವರು ಹೇಳಿದ ಮೇಲೆ ಮುಗಿಯಿತು' ಎಂಬ ಮಾತಿನ ಮೇಲೆ ಅವರೇ ಒಂದು ಗೀಟು ಎಳೆಯುತ್ತಾರೆ, ಒರಟಾಗಿ ಅಲ್ಲ, ಪ್ರೀತಿಯಿಂದ, 'ವಯಸ್ಸಾಯಿತಲ್ಲ ಅಮ್ಮ' ಎಂದು. ಆ ಪ್ರೀತಿಯನ್ನು ನೆನೆದೇ ಅವಳ ಕಿವಿ ಬಿಸಿಯಾಯಿತು. ಇಲ್ಲ. ಆ ಮಾತು ತನ್ನ ಕಿವಿಯಲ್ಲಿದೆ. ಹೂಜಿ ಅಲ್ಲೇ ಇದೆ ಎಂಬುದನ್ನು ಕೇಳಿ ಕಲ್ಲಿನ ಮೇಲೆ ಕೂತ ಹೆಂಗಸರು ಉಸಿರು ಬಿಟ್ಟದ್ದೂ ಇದೆ. ಕೇಳಿದವಳೊಬ್ಬಳು, ಬೈರಮ್ಮ, ಇನ್ನೂ ಬದುಕಿದ್ದಾಳೆ. ಹುರುಳಿಕಾಯಿಯ ಮೇಲೆ ತಟ್ಟೆ ಮುಚ್ಚಿ, ಹಾಳೆಗಳನ್ನು ಕೈಚೀಲಕ್ಕೆ ಹಾಕಿಕೊಂಡು ಬೀಗ ಹಾಕಿದಳು.

ವಿಲ್ಸನ್ ಗಾರ್ಡನ್ನಿಗೆ ಜಯನಗರ ಫೋರ್ತ್ ಬ್ಲಾಕಿನಲ್ಲಿ ಬಸ್ಸು ಬದಲಾಯಿಸಬೇಕು. ಎರಡನೆಯ ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಒಬ್ಬ ಗಂಡಸು ಕೂತಿದ್ದ. ಇವಳು ಕಂಬ ಹಿಡಿದು ನಿಂತಳು. 'ಏಳಿ ಸಾರ್, ಅಜ್ಜಿ ನಿಂತಿದಾರೆ' ಎಂದು ಕಂಡಕ್ಟರು ಗದರಿದ. ಬೇರೆ ದಿನವಾಗಿದ್ದರೆ ಅಜ್ಜಿ ಎಂಬ ಮಾತು ಅವಳನ್ನು ತಾಗುತ್ತಿರಲಿಲ್ಲ. ಕೂತ ಮೇಲೆ ಕಿಟಕಿಯಲ್ಲಿ ಲಾಲ್‌ಬಾಗಿನ ಗೋಡೆ ಓಡತೊಡಗಿತು, ಅದರ ಜೊತೆಗೆ ಬೈರಮ್ಮ ಮನೆ ಬಿಟ್ಟು ಹೋದ ಬೆಳಿಗ್ಗೆಯೂ. ನಲ್ಲಿಯಲ್ಲಿ ನೀರು ಬರುತ್ತಿತ್ತು, ಸಾಲಿನಲ್ಲಿ ಕೊಡಗಳಿದ್ದವು, ಬೈರಮ್ಮ ಬಟ್ಟೆಯ ಚೀಲ ಕಂಕುಳಲ್ಲಿ ಇಟ್ಟುಕೊಂಡು ಯಾರನ್ನೂ ನೋಡದೆ ಗೇಟು ದಾಟಿದ್ದಳು. ಎಡಗಣ್ಣಿನ ಕೆಳಗೆ ಊದಿತ್ತು. ಗೋಡೆಯ ಆಚೆಯಿಂದ ಅವಳ ಗಂಡನ ಸದ್ದು ವಠಾರಕ್ಕೆಲ್ಲ ಕೇಳುತ್ತಿತ್ತು. ಕೇಳಿದವರೆಲ್ಲ ಬೆಳಿಗ್ಗೆ ಎದ್ದು ಅದರ ಮಾತೆತ್ತದೆ ರಂಗೋಲಿ ಹಾಕುತ್ತಿದ್ದರು. ಬೈರಮ್ಮ ಹೋದ ಮೇಲೆ ಕೊಡ ತುಂಬಿಸಿಕೊಳ್ಳುತ್ತಾ ಯಾರೋ ಒಬ್ಬಳು, 'ಸ್ವಲ್ಪ ಹೊಂದ್ಕೊಂಡು ಹೋಗ್ಬಹುದಿತ್ತು' ಅಂದಳು. ಯಾರು ಅಂದದ್ದು? ಬಸ್ಸು ಗುಂಡಿಗೆ ಇಳಿದು ಎದ್ದಿತು. ತಾನೇ. ಇದಂತೂ ಅಚ್ಚಾದಷ್ಟು ಸ್ಪಷ್ಟವಾಗಿ ನೆನಪಿತ್ತು.

ವಠಾರವಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು. ಅದರ ಹಿಂದಿನ ಓಣಿಯಲ್ಲಿ ಬೈರಮ್ಮನ ಮನೆ. ಗಾರ್ಮೆಂಟ್ಸಿನಲ್ಲಿ ದುಡಿದು, ಅಕ್ಕನ ಮಗಳು ವಿಮಲಾಳನ್ನು ಸಾಕಿ ಮದುವೆ ಮಾಡಿ, ಈಗ ಬಾಗಿಲಲ್ಲಿ ಕೂತು ಹೂ ಕಟ್ಟುತ್ತಾಳೆ. ಮೊರದ ತುಂಬ ಕನಕಾಂಬರವಿತ್ತು. ಕೈ ನಿಲ್ಲಿಸದೆ ತಲೆಯೆತ್ತಿದಳು.

'ಅಯ್ಯೋ ನಾಗಕ್ಕ! ಏನಕ್ಕ ಬಿಸ್ಲಲ್ಲಿ? ಯಾರಾದ್ರೂ ಹೋಗ್ಬಿಟ್ರಾ?'

'ಯಾರೂ ಹೋಗಿಲ್ಲ ಕಣೆ. ಯಾರಾದ್ರೂ ಸತ್ರೇನೆ ಬರ್ಬೇಕಾ ನಾನು?'

'ಮತ್ತೆ ಹಂಗೇ ತಾನೆ ಬರೋದು ನೀನು. ಹೋದ ಸಲ ಬಂದಾಗ ಮುನಿವೆಂಕಟಮ್ಮನ ಮಗ ಹೋಗಿದ್ದ.'

ನಾಗಲಕ್ಷ್ಮಮ್ಮ ಗೋಡೆ ಹಿಡಿದು ಮೆಲ್ಲಗೆ ಚಾಪೆಯ ಮೇಲೆ ಕೂತಳು. ಗಂಟಲು ಒಣಗಿತ್ತು. 'ಮೊದ್ಲು ಒಂದು ಲೋಟ ನೀರು ಕೊಡೆ.'

ಬೈರಮ್ಮ ಹೂವಿನ ಗಂಟು ಬಿಗಿಯುತ್ತಾ, ಕಣ್ಣಲ್ಲಿ ನಗು ತುಂಬಿಕೊಂಡು, ಗತ್ತಿನಿಂದ, 'ಹೂಜಿ ಅಲ್ಲೇ ಇದೆ, ಬಗ್ಗಿಸ್ಕೊಂಡು ಕುಡೀರಿ' ಎಂದಳು.

ನಾಗಲಕ್ಷ್ಮಮ್ಮನಿಗೆ ಕೇಳಿತು, ಕೊಡ ನೀರಿಗೆ ತಾಗಿದ ಸದ್ದು. ಬದುಕಿದೆ, ನೆಟ್ಟಗಿದೆ, ತನ್ನದೊಬ್ಬಳದೇ ಅಲ್ಲ. ಬೈರಮ್ಮನ ಮಂಡಿಯನ್ನು ಹಿಡಿದು ಅಲ್ಲಾಡಿಸಿದಳು. 'ನಿಂಗೂ ನೆನಪಿದೆ! ಹೇಮಾವತಿ ತಾನೆ? ಕೊನೇ ಕಂತು. ನಾನು ಓದಿದ್ದೆ, ನೀನು ಕೇಳಿದ್ದೆ. ಅದ್ರಲ್ಲಿ ಅವಳು ಹೋಗ್ತಾಳೆ. ಹೌದು ತಾನೆ? ಇಲ್ಲಿ ನೋಡು, ಇವರ್ಯಾರೋ ಬೇರೆ ಏನೋ ಕಳಿಸಿದಾರೆ, ಅವಳು ಒಳಗೆ ಹೋದ್ಲಂತೆ, ನೀರು ಕೊಟ್ಲಂತೆ...' ಚೀಲದಿಂದ ಹಾಳೆ ತೆಗೆದು ಮೊರದ ಅಂಚಿನ ಮೇಲಿಟ್ಟಳು.

ಬೈರಮ್ಮನ ಕೈ ನಿಂತಿತು. ಓದಲು ಬಾರದವಳು ಚಿತ್ರವನ್ನು ನೋಡಿದಳು. ಬಗ್ಗಿದ ಹೆಂಗಸು, ಚಾಚಿದ ಕೈ. ಹೂವಿನ ಒದ್ದೆ ಬೆರಳಿನಿಂದ ಆ ಚಾಚಿದ ಕೈಯನ್ನು ಮುಟ್ಟಿದಳು.

'ಇದೇ ಕಣಕ್ಕ ಅದು. ಇದೇ ಚಿತ್ರ. ಇದನ್ನ ನಾನು ನೋಡಿದೀನಿ.'

'ನೀನು ಎಲ್ಲಿ ನೋಡ್ದೆ? ನಾನೇ ನೋಡಿಲ್ಲ.'

'ನಮ್ಮನೇಲಿ. ಆ ವಾರದ ಪುಸ್ತಕ ಬೆಳಿಗ್ಗೇನೇ ಬಿದ್ದಿತ್ತು ಹೊಸ್ತಿಲ ಮೇಲೆ. ನಾನು ತೆಗ್ದು ಚಿತ್ರ ನೋಡ್ತಾ ಕೂತಿದ್ದೆ. ಅವನು ಬಂದ. ನೀರೊಲೆಗೆ ಸೌದೆ ಹಾಕ್ದೆ ಚಿತ್ರ ನೋಡ್ತೀಯ ಅಂತ ಒಂದು ಬಿಟ್ಟ. ಪುಸ್ತಕ ಕಿತ್ಕೊಂಡು ಒಲೆಗೇ ಹಾಕ್ದ. ನಾನು ನೋಡ್ತಾ ಇದ್ದ ಹಾಗೇ ಇವಳು ಸುಟ್ಟುಹೋದ್ಲು.' ಬೆರಳು ಚಿತ್ರದ ಹೆಂಗಸಿನ ಮೇಲೆ ಬಂದಿತ್ತು. 'ಅದೇ ನೀರಲ್ಲಿ ಅವನು ಸ್ನಾನ ಮಾಡ್ಕೊಂಡು ಹೋದ. ವಠಾರದ ಪುಸ್ತಕ, ಏನಂತ ಹೇಳ್ಲಿ? ಈ ವಾರ ಪೇಪರಿನವನು ಬರ್ಲೇ ಇಲ್ಲ ಅಂದೆ ನಿಂಗೆ.'

'ನಾನು ಏನಂದೆ?'

'ನೀನೇನೂ ಅನ್ಲಿಲ್ಲ. ಮಧ್ಯಾಹ್ನ ಎಲ್ರೂ ಬಂದು ಕೂತಿದ್ರು. ನಾನು ಮೂಲೇಲಿ ಮುಖ ಮುಚ್ಕೊಂಡು ಕೂತಿದ್ದೆ, ಈಗ ಕೇಳ್ತಾರೆ, ಈಗ ಕೇಳ್ತಾರೆ ಅಂತ. ನೀನು ಬಂದೆ. ಕೈಯಲ್ಲಿ ಹಳೇದೊಂದು ಪುಸ್ತಕ. ನನ್ನ ಮುಖ ನೋಡ್ದೆ, ಇಲ್ಲಿ, ಕಣ್ಣಿನ ಕೆಳಗೆ. ಕೂತ್ಕೊಂಡೆ. ಹಾಳೆ ತೆಗ್ದು ಶುರು ಮಾಡ್ದೆ. ಸರಾಗವಾಗಿ ಓದ್ಬಿಟ್ಟೆ ನಾಗಕ್ಕ! ಯಾರಿಗೂ ಗೊತ್ತಾಗ್ಲಿಲ್ಲ. ನಂಗೊಬ್ಳಿಗೆ ಗೊತ್ತು, ಅಚ್ಚಾಗಿದ್ದು ನಮ್ಮನೆ ಒಲೇಲಿ ಬೂದಿ ಆಗಿದೆ ಅಂತ. ಹಂಗಾದ್ರೆ ಇವಳು ಯಾವ ಹೇಮಾವತಿ? ಇವಳ ಮನೇಲಿ ಹೂಜಿ ಎಲ್ಲಿಂದ ಬಂತು? ಹೂಜಿ ಇದ್ದಿದ್ದು ನಮ್ಮನೇಲಿ.'

ಓಣಿಯಲ್ಲಿ ಸೊಪ್ಪಿನವನ ಕೂಗು ಹಾದುಹೋಯಿತು. ನಾಗಲಕ್ಷ್ಮಮ್ಮ ಆ ಮಧ್ಯಾಹ್ನಕ್ಕೆ ಇಳಿದು ನೋಡಿದಳು. ಕಲ್ಲಿತ್ತು, ಬಿಸಿಲಿತ್ತು, ಕೈಯಲ್ಲಿ ಹಾಳೆಗಳಿದ್ದವು. ಆದರೆ ಹಾಳೆಯ ಮೇಲೆ ಏನಿದೆಯೆಂದು ಬಗ್ಗಿ ನೋಡಿದರೆ ಕಾಣುತ್ತಿರಲಿಲ್ಲ. ಬೈರಮ್ಮನ ಮುಖ ನೋಡಿ ಹೇಳಿದ್ದೇ? ಅಥವಾ ಕಾದು ಕೂತವರನ್ನು ಬರಿಗೈಲಿ ಕಳಿಸಲಾರದೆ, ಓದುವವಳೆಂಬ ಹೆಮ್ಮೆ ಬಿಡಲಾರದೆ ಬಾಯಿಗೆ ಬಂದದ್ದೇ? ಹೂಜಿ ಬೈರಮ್ಮನ ಮನೆಯಲ್ಲಿ ಇತ್ತು, ಸರಿ. ತನ್ನ ಮನೆಯಲ್ಲೂ ಇತ್ತು. ಒಳಕೋಣೆಯ ಮೂಲೆಯಲ್ಲಿ ಮರಳಿನ ಮೇಲೆ, ಪಿಳ್ಳಪ್ಪನ ಮಂಚಕ್ಕೆ ಒಂದು ಮೊಳ ದೂರ. ಕೈ ಚಾಚಿದರೆ ಸಿಗುತ್ತಿತ್ತು. 'ನಾಗೂ, ನೀರು.' ಬಟ್ಟೆ ಒಗೆಯುತ್ತಿದ್ದವಳು ಸೋಪಿನ ಕೈ ಸೆರಗಿಗೆ ಒರೆಸಿಕೊಂಡು ಬಂದು ಬಗ್ಗಿಸಿ ಕೊಡುತ್ತಿದ್ದಳು. ಕೊನೆಕೊನೆಗೆ ಆಸ್ಪತ್ರೆಯಲ್ಲಿ ಚಮಚದಲ್ಲಿ ಕೊಟ್ಟಿದ್ದಳು. ಬೇಸರವಿಲ್ಲದೆ ಕೊಟ್ಟಿದ್ದಳು. ಆ ಮಾತು ಒಂದು ದಿನವೂ ತುಟಿಗೆ ಬಂದಿರಲಿಲ್ಲ. ಬಂದದ್ದು ಒಂದೇ ಸಲ, ಹಾಳೆಯ ಮರೆಯಲ್ಲಿ, ಬೇರೆ ಹೆಂಗಸಿನ ಹೆಸರಿನಲ್ಲಿ. ಬಂದ ಕೂಡಲೇ ಅದನ್ನು ಬೈರಮ್ಮ ಎತ್ತಿಕೊಂಡಿದ್ದಳು.

'ಅದಾಗಿ ಒಂದು ತಿಂಗಳೋ ಏನೋ ಕಣಕ್ಕ' ಎಂದು ಬೈರಮ್ಮ ಮತ್ತೆ ಹೂ ಕೈಗೆ ತೆಗೆದುಕೊಂಡಳು, 'ಬೆಳಿಗ್ಗೆ ಚೀಲ ತಗೊಂಡು ಹೊರಟೆ. ಅವನು ಮಲ್ಗಿದ್ದೋನು ಎಲ್ಲೋಗ್ತೀಯ ಅಂತ ಕೂಡ ಕೇಳ್ಲಿಲ್ಲ. ನೀರು ಕೊಟ್ಟೋಗು ಅಂದ. ನಂಗೆ ನಗೂನೇ ಬಂತು. ನೀನು ಓದಿದ್ಯಲ್ಲ, ಅದನ್ನೇ ಅಂದೆ. ಒಂದಕ್ಷರ ಬಿಡ್ದೆ.'

'ನಂಗೆ ಯಾಕೆ ಹೇಳ್ಲಿಲ್ಲ ಇಷ್ಟು ದಿನ?'

'ಹೇಳೋದೇನು, ನಿಂಗೆ ಗೊತ್ತು ಅನ್ಕೊಂಡಿದ್ದೆ. ನಂಗೇ ಅಂತ ಹೇಳಿದ್ದು ಅನ್ಕೊಂಡಿದ್ದೆ.' ದಾರವನ್ನು ಹಲ್ಲಿನಿಂದ ಕಡಿದಳು. 'ಆಮೇಲೆ ಮುನಿವೆಂಕಟಮ್ಮ ಸಿಕ್ಕಿ ಹೇಳಿದ್ಲು. ನಾನು ಗೇಟು ದಾಟಿದ ಮೇಲೆ, ಹೊಂದ್ಕೊಂಡು ಹೋಗ್ಬಹುದಿತ್ತು ಅಂದ್ಯಂತೆ. ಕಥೆ ಓದಿ ಕಳಿಸ್ದೋಳೂ ನೀನೇ, ಹೊಂದ್ಕೊ ಅಂದೋಳೂ ನೀನೇ. ನಮ್ಮ ನಾಗಕ್ಕ ಒಬ್ಳಾ ಇಬ್ರಾ ಅಂತ ಎಷ್ಟು ದಿನ ನಕ್ಕಿದೀನಿ ಗೊತ್ತಾ.'

ನಾಗಲಕ್ಷ್ಮಮ್ಮ ತಲೆ ತಗ್ಗಿಸಿದಳು. ಅಡುಗೆಮನೆಯಲ್ಲಿ ಬಿಸಿಯಾಗಿದ್ದ ಕಿವಿ ಈಗ ತಣ್ಣಗಿತ್ತು. ಅಂದದ್ದು ನಿಜ, ಓದಿದ್ದೂ ನಿಜ. ಎರಡೂ ಒಂದೇ ಬಾಯಿಂದ. ಯಾವುದನ್ನು ಹೊಲಿಯುವುದು, ಯಾವುದನ್ನು ತೊಟ್ಟಿಗೆ ಹಾಕುವುದು ಎಂದು ಆರಿಸಿಕೊಳ್ಳುವ ಹಾಗಿಲ್ಲ.

'ಬೈರಿ, ಹೋಗಿದ್ದು ಒಳ್ಳೇದಾಯ್ತಾ?'

ಬೈರಮ್ಮ ಮೊರ ಪಕ್ಕಕ್ಕಿಟ್ಟು ಎದ್ದಳು. ಒಳಗೆ ಲೋಟದ ಸದ್ದಾಯಿತು. ಫಳಫಳ ತೊಳೆದ ಸ್ಟೀಲಿನ ಲೋಟ ತಂದು ಇವಳ ಕೈಯಲ್ಲಿಟ್ಟಳು. 'ಅದೇ ಮನೇಲಿ ಇದ್ದಿದ್ರೆ ನಿಂಗೆ ಇವತ್ತು ನೀರು ಕೊಡೋಕೆ ನಾನು ಇರ್ತಿರ್ಲಿಲ್ಲ ಕಣಕ್ಕ. ಕುಡಿ.' ನೀರು ತಣ್ಣಗಿತ್ತು, ಮಣ್ಣಿನ ವಾಸನೆಯಿತ್ತು. ಪೂರ್ತಿ ಕುಡಿದಳು.

ಹೊರಡುವಾಗ ಬೈರಮ್ಮ ಒಂದು ಮೊಳ ಕನಕಾಂಬರ ಮುರಿದು ಕೊಟ್ಟಳು. ಗಂಡ ಹೋದ ಮೇಲೆ ನಾಗಲಕ್ಷ್ಮಮ್ಮ ಮುಡಿಯುವುದನ್ನು ಬಿಟ್ಟಿದ್ದಳು. ಮುಡಿ ಅಂತಲೂ ಬೈರಮ್ಮ ಹೇಳಲಿಲ್ಲ, ದೇವರಿಗೆ ಅಂತಲೂ ಹೇಳಲಿಲ್ಲ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದು, ಫೋರ್ತ್ ಬ್ಲಾಕು ಬರುವ ಹೊತ್ತಿಗೆ ತುರುಬಿಗೆ ಸಿಕ್ಕಿಸಿಕೊಂಡಳು.

ಸಂಜೆ ಪ್ರಿಯಾಂಕಾ ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ, 'ಬಂತೇನ್ರಿ ಆಂಟಿ ಲಕೋಟಿ?' ಎಂದಳು. ಅವಳ ಕಣ್ಣು ತುರುಬಿನ ಹೂವಿನ ಮೇಲೆ ನಿಂತಿತು. ನಾಗಲಕ್ಷ್ಮಮ್ಮ ಹಜಾರದ ನೆಲದ ಮೇಲೆ ಕೂತು ಹೇಮಾವತಿಯ ಕಂತುಗಳನ್ನೆಲ್ಲ ಅಂಚು ಸರಿ ಮಾಡಿ ಪೇರಿಸಿದ್ದಳು. ಲತಾಮಣಿಯ ಅತ್ತೆಯದು, ಸಾಗರದವಳದು, ಸೀಸದಕಡ್ಡಿಯ ಗೀಟಿನವಳದು. ಎಲ್ಲದರ ಕೆಳಗೆ ಭೀಮೇಶ ಕಳಿಸಿದ ಹಾಳೆಗಳು. ಅದರ ಕೆಳಗೆ, ಏನೂ ಅಚ್ಚಾಗದ ಕೆಲವು ಬಿಳಿಯ ಹಾಳೆ. ದಬ್ಬಣಕ್ಕೆ ಗೋಣಿ ದಾರ ಪೋಣಿಸಿ ಬಾಯಿಯಲ್ಲಿ ಒದ್ದೆ ಮಾಡಿಕೊಂಡಳು.

ಮಹಡಿಯಿಂದ ಕಂಪ್ಯೂಟರು ಕೆಳಗೆ ಬಂತು. ಪ್ರಿಯಾಂಕಾ ಅದನ್ನು ತೊಡೆಯ ಮೇಲಿಟ್ಟುಕೊಂಡು, 'ಎಲ್ಲಾರೂ ಕೇಳಾಕತ್ತಾರ್ರಿ. ಲತಾಮಣಿ ಮೇಡಂ ಎರಡು ಸಲ ಕೇಳ್ಯಾರ. ಭೀಮೇಶ್ ಮಾತ್ರ ಏನೂ ಬರದಿಲ್ಲ. ಕರೆಂಟ್ ಹೋತು ಅಂತ ಒತ್ತಲೇನ್ರಿ?' ಎಂದಳು.

'ಥೂ, ತರಲೆ. ನಾನು ಹೇಳಿದ್ದು ಹೇಳಿದ ಹಾಗೆ ಒತ್ತು. ಅಚ್ಚಾಗಿರುವುದು ಭೀಮೇಶ ಹೇಳಿದ ಹಾಗೆಯೇ ಇದೆ. ಹೇಮಾವತಿ ಪೆಟ್ಟಿಗೆ ಇಳಿಸಿ ಒಳಗೆ ಹೋದಳು, ನೀರು ಕೊಟ್ಟಳು. ಅವನ ತಾಯಿಗೆ ಮರೆತಿರಲಿಲ್ಲ. ಮರೆತಿರಬೇಕು ಅಂದದ್ದು ನನ್ನ ತಪ್ಪು.'

ಪ್ರಿಯಾಂಕಾ ಒತ್ತಿದಳು. ಒತ್ತಿ, ಇವಳ ಮುಖ ನೋಡಿದಳು. ದಬ್ಬಣ ಮೊದಲನೆಯ ತೂತಿಗೆ ಇಳಿದಿತ್ತು.

'ಅಷ್ಟೇ ಏನ್ರಿ?'

'ಇನ್ನೂ ಇದೆ, ಒತ್ತು. ನಾನು ಹೇಳಿದ್ದು ಅಚ್ಚಿನಲ್ಲಿ ಇರಲಿಲ್ಲ. ಅದು ವಿಲ್ಸನ್ ಗಾರ್ಡನ್ನಿನಲ್ಲಿ ಆದದ್ದು.'

ಬೆರಳುಗಳು ನಿಂತವು. 'ಖರೇನ ಏನ್ರಿ ಆಂಟಿ? ಆಕಿ ಹೋದ್ಲಾ?'

ನಾಗಲಕ್ಷ್ಮಮ್ಮ ದಾರವನ್ನು ಕೊನೆಯ ಬಿಳಿ ಹಾಳೆಯ ಆಚೆಗೆ ಎಳೆದು ಬಿಗಿ ಮಾಡಿದಳು.

'ಹೋದ್ಲು' ಎಂದಳು. 'ಆಕಿ ಅಂತಲೇ ಒತ್ತು.'